ಕಣ್ಣು ಬಿಡಿಸುವ ಮನೆ

ನಮ್ಮ ಮನೆ ಹುಡುಕಿಕೊಂಡು ಬರುತ್ತಿದ್ದವರು ಪೇಂಟರ್ ಮನೆ ಯಾವುದೆಂದು ಕೇಳುತ್ತಿರಲಿಲ್ಲ. ಮಳವಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಸುದ್ದಿಕಾಗದ ಸುತ್ತಿದ ಪೊಟ್ಟಣವೊಂದನ್ನು ಎದೆಗವಚಿಕೊಂಡು, ಎದುರಿಗೆ ಸಿಕ್ಕವರನ್ನು ಕೇಳುತ್ತಿದ್ದುದೇ ಬೇರೆ:

"ಕಣ್ ಬುಡ್ಸೋರ ಮನೆ ಎಲ್ಲದವ್ವ?"

ನಮ್ಮ ಬೀದಿಯ ಹೆಂಗಸರು ಈ ಪ್ರಶ್ನೆಗೆ ನಗುತ್ತಿರಲಿಲ್ಲ. ಬಂದವರ ಮನೆಯಲ್ಲಿ ಸಾವಾಗಿದೆ ಎಂದು ತಿಳಿದು, ಕೈಲಿದ್ದ ಕೆಲಸ ಬಿಟ್ಟು ನಮ್ಮ ಬಾಗಿಲವರೆಗೂ ಕರೆತರುತ್ತಿದ್ದರು. ಬದುಕಿದ್ದಾಗ ಫೋಟೋ ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆ ಅನ್ನುವ ಭಯ ಆಗ ನಮ್ಮ ಕಡೆ ಇತ್ತು. ಹಾಗಾಗಿ ಬಹಳ ಜನರ ಮೊದಲನೇ ಫೋಟೋ ತೆಗೆಯುತ್ತಿದ್ದುದು ಜೀವ ಹೋದ ಮೇಲೆ. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಹೊಸ ಪಂಚೆ ಹೊದಿಸಿ, ಹಣೆಗಿಟ್ಟು, ತಲೆ ವಾಲದಂತೆ ಹಿಂದಿನಿಂದ ಯಾರಾದರೂ ಹಿಡಿದುಕೊಳ್ಳುತ್ತಿದ್ದರು. ಸ್ಟುಡಿಯೋದವನು ಬಂದು ಒಂದು ಫೋಟೋ ಹೊಡೆದುಕೊಂಡು ಹೋಗುತ್ತಿದ್ದ. ತಿಥಿಯ ಹೊತ್ತಿಗೆ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಅದರ ಮುಂದೆ ಎಡೆ ಇಡಬೇಕು. ಆದರೆ ಕಣ್ಣು ಮುಚ್ಚಿಕೊಂಡವರ ಮುಂದೆ ಎಡೆ ಇಟ್ಟರೆ ಅವರು ನೋಡುವುದು ಹೇಗೆ? ಅದಕ್ಕೇ ನಮ್ಮಪ್ಪ ಬೇಕಾಗಿದ್ದ. ಅಪ್ಪ ಫೋಟೋದ ಮುಚ್ಚಿದ ರೆಪ್ಪೆಗಳ ಮೇಲೆ ಬಿಳಿ ಬಳಿದು, ಒಣಗಿಸಿ, ಸಣ್ಣ ಕುಂಚದಲ್ಲಿ ತೆರೆದ ಕಣ್ಣು ಬರೆಯುತ್ತಿದ್ದ. ಹಿಂದೆ ನಿಂತು ತಲೆ ಹಿಡಿದವರ ಬೆರಳು ಕಿವಿಯ ಪಕ್ಕ ಕಾಣುತ್ತಿದ್ದರೆ ಅದನ್ನೂ ಅಳಿಸುತ್ತಿದ್ದ. ಚಿತ್ರ ಬಿಡಿಸುವುದಕ್ಕೂ ಮುಚ್ಚಿದ ಕಣ್ಣು ಬಿಡಿಸುವುದಕ್ಕೂ ನಮ್ಮ ಮಾತಿನಲ್ಲಿ ಇರುವುದು ಒಂದೇ ಪದ. ನಾನು ಎಷ್ಟೋ ದೊಡ್ಡವಳಾಗುವ ತನಕ ಅವೆರಡೂ ಒಂದೇ ಕೆಲಸ ಎಂದು ತಿಳಿದಿದ್ದೆ. ಮುಖ ಬರೆದು ಬರೆದು ಕೈ ಸೋತಿರುವ ಈ ವಯಸ್ಸಿನಲ್ಲಿ, ಆಗ ತಿಳಿದಿದ್ದೇ ಸರಿ ಅನ್ನಿಸುತ್ತದೆ.

ಮನೆ ಅಂದರೆ ಒಂದು ನಡುಮನೆ, ಅದರ ಹಿಂದೆ ಅಡುಗೆಕೋಣೆ, ಪಕ್ಕದಲ್ಲಿ ಅಪ್ಪನ ತಾಯಿ, ಅಂದರೆ ನಮ್ಮಜ್ಜಿ, ಮಲಗುತ್ತಿದ್ದ ಕತ್ತಲೆ ಕೋಣೆ. ಕಿಟಕಿ ಅನ್ನುವುದು ಅಡುಗೆಕೋಣೆಯಲ್ಲೊಂದಿತ್ತು. ಅದರಿಂದ ಹೊಗೆ ಆಚೆ ಹೋಗುತ್ತಿತ್ತೇ ಹೊರತು ಬೆಳಕು ಒಳಗೆ ಬರುತ್ತಿರಲಿಲ್ಲ. ನಡುಮನೆಗೆ ಬೀದಿ ಬಾಗಿಲಿನ ಬೆಳಕೊಂದೇ ಗತಿ. ಬೇರೆಯವರ ಮನೆಯಲ್ಲಿ ಆಸ್ತಿಗೆ ಜಗಳವಾಡುವಂತೆ ನಮ್ಮ ಮನೆಯಲ್ಲಿ ಬೆಳಕಿಗೆ ಜಗಳವಾಡುತ್ತಿದ್ದರು. ಅಪ್ಪನಿಗೆ ಬರೆಯಲು ಬೆಳಕು ಬೇಕು. ಅವ್ವನಿಗೆ ಅಕ್ಕಿ ಆರಿಸಲು, ಸೊಪ್ಪು ಬಿಡಿಸಲು ಬೆಳಕು ಬೇಕು. ಅಜ್ಜಿಗೆ ಬೀದಿಯಲ್ಲಿ ಯಾರು ಯಾರ ಜೊತೆ ಹೋದರೆಂದು ನೋಡಬೇಕು.

"ವಸ್ಲು ಮ್ಯಾಲಿಂದ ಏಳೇ, ಬೆಳಕ್ಗೆ ಅಡ್ಡ ಆಯ್ತೀಯೆ," ಎಂದು ಅಪ್ಪ ಅನ್ನುತ್ತಿದ್ದ.

"ಬೆಳಕೇನ್ ನಿಮ್ಮಪ್ಪ ಮಾಡ್ಸಿಟ್ಟಿದ್ನಾ? ಅಕ್ಕಿ ಒಳಗಿನ್ ಕಲ್ಲು ನಂಗೂ ಕಾಣ್ಬೇಕು. ಆಮ್ಯಾಕೆ ಉಣ್ವಾಗ ಬಾಯ್ಗೆ ಸಿಕ್ರೆ ನನ್ನೇ ಬೈತೀಯೆ," ಎಂದು ಅವ್ವ.

ಬೈದುಕೊಂಡೇ ಅವ್ವ ಹೊಸ್ತಿಲ ಒಂದು ಪಕ್ಕಕ್ಕೆ ಸರಿಯುತ್ತಿದ್ದಳು. ಪೂರ್ತಿ ಎದ್ದು ಹೋಗುತ್ತಿರಲಿಲ್ಲ, ಅಷ್ಟು ಮಾತ್ರ ಅವಳ ಹಠ. ಇದಲ್ಲದೆ ಟರ್ಪೆಂಟೈನ್ ವಾಸನೆಯ ಜಗಳ ಬೇರೆ. ಅಂಗಡಿಗಳ ಬೋರ್ಡು ಬರೆಯುವ ದಿನ ಅಪ್ಪನ ಕೈ, ಬನಿಯನ್ನು, ಕೊನೆಗೆ ಅವನು ಮುರಿದ ಮುದ್ದೆ ಕೂಡ ಅದೇ ವಾಸನೆ. ಉಪ್ಸಾರಿನ ಖಾರಕ್ಕೂ ಅದು ಹೋಗದು ಎಂದು ಅಜ್ಜಿ ತನ್ನ ತಣಿಗೆ ಎತ್ತಿಕೊಂಡು ಅಡುಗೆಕೋಣೆಗೆ ಹೋಗಿ ಉಣ್ಣುತ್ತಿದ್ದಳು. ನನಗೂ ತಂಗಿ ಕಮಲಿಗೂ ಆ ವಾಸನೆ ಇಷ್ಟ. ಅಪ್ಪನ ಎಡಬಲಕ್ಕೆ ಕೂತು ಉಣ್ಣುತ್ತಿದ್ದೆವು. ಇಂದಿಗೂ ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದರೆ ನನಗೆ ಹೊಟ್ಟೆ ಹಸಿಯುತ್ತದೆ.

ಕಣ್ಣು ಬಿಡಿಸುವವರು ಬೇರೆ ಊರುಗಳಲ್ಲೂ ಇದ್ದರು. ಅವರದೆಲ್ಲ ಬಾಯಿಪಾಠದ ಕಣ್ಣು. ಅವರ ಕೈಯಲ್ಲಿ ಕಣ್ಣು ಬಿಟ್ಟ ಸತ್ತವರೆಲ್ಲ ಒಬ್ಬರಿಗೊಬ್ಬರು ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದರು. ಅಪ್ಪನಿಗೆ ಅದು ಆಗುತ್ತಿರಲಿಲ್ಲ. ಜೀವ ಇರುವ ಕಣ್ಣೊಂದನ್ನು ಎದುರಿಗಿಟ್ಟುಕೊಂಡ ಹೊರತು ಅವನ ಕೈ ಓಡುತ್ತಿರಲಿಲ್ಲ. ಅದಕ್ಕೇ ನಡುಮನೆಯಲ್ಲಿ ಒಂದು ಮಡಚುವ ಕುರ್ಚಿ ಹಾಕಿ, ಬಾಗಿಲಿಗೆ ಮುಖ ಮಾಡಿ ನಮ್ಮಲ್ಲಿ ಯಾರನ್ನಾದರೂ ಕೂರಿಸಿಕೊಳ್ಳುತ್ತಿದ್ದ. ಅವ್ವನಿಗೆ ಕೂರಲು ಪುರಸೊತ್ತಿಲ್ಲ. ಅಜ್ಜಿ ಆ ಕುರ್ಚಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ನಾನು ಕೂತರೆ ನೊಣ ಬಂದರೆ ನೊಣದ ಕಡೆ, ನಾಯಿ ಬೊಗಳಿದರೆ ನಾಯಿಯ ಕಡೆ ನೋಡುತ್ತಿದ್ದೆ. ಕಮಲಿ ಹಾಗಲ್ಲ. ಕಡ್ಲೆಮಿಠಾಯಿಯ ಒಂದು ಚೂರನ್ನು ದವಡೆಗೆ ಒತ್ತರಿಸಿಕೊಂಡು ಕೂತಳೆಂದರೆ, ಅದು ಕರಗುವ ತನಕ ರೆಪ್ಪೆ ಕೂಡ ಬಡಿಯುತ್ತಿರಲಿಲ್ಲವೇನೋ ಅನ್ನಿಸುವ ಹಾಗೆ ನೋಡುತ್ತಿದ್ದಳು. ಅವಳ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ದೊಡ್ಡದು. ಅಪ್ಪ ಅದನ್ನೂ ಹಾಗೇ ಬರೆಯುತ್ತಿದ್ದ. ಕಂಡದ್ದನ್ನು ತಿದ್ದುವುದು ಅವನಿಗೆ ಗೊತ್ತಿರಲಿಲ್ಲ.

"ಇವತ್ತು ಯಾರ್ಗಪ್ಪ?" ಎಂದು ಕಮಲಿ ಕೂತ ತಕ್ಷಣ ಕೇಳುತ್ತಿದ್ದಳು.

"ಚಿಕ್ಕರಸಿನಕೆರೆ ತಾತಂಗೆ ಕಣವ್ವ."

"ಆ ತಾತ ಏನ್ ನೋಡ್ಬೇಕಂತೆ?"

"ಮೊಮ್ಮಕ್ಕಳ್ನ ನೋಡ್ಬೇಕಂತೆ. ಅಲ್ಲಾಡ್ಬ್ಯಾಡ."

ಅವತ್ತು ಸಂಜೆ ಉಣ್ಣುವಾಗ ಕಮಲಿ ಅಜ್ಜಿಗೆ ಹೇಳಿದಳು:

"ಅಜ್ಜಿ, ಆ ತಾತ ಈಗ ನನ್ ಕಣ್ಣಲ್ಲಿ ಅವ್ರ ಮೊಮ್ಮಕ್ಕಳ್ನ ನೋಡ್ತಾವ್ರೆ."

ಅಜ್ಜಿ ಬಾಯಿಗಿಡುತ್ತಿದ್ದ ತುತ್ತನ್ನು ತಣಿಗೆಗೆ ಹಾಕಿದಳು.

"ಬುಡ್ತು ಅನ್ನು. ಕಮಲಿ, ಬುಡ್ತು ಅನ್ನು."

"ಬುಡ್ತು," ಎಂದಳು ಕಮಲಿ, ಬಾಯಿತುಂಬ ಮುದ್ದೆ ಇಟ್ಟುಕೊಂಡು. ನಾವೆಲ್ಲ ನಕ್ಕೆವು. ಅಪ್ಪನೂ ನಕ್ಕ. ಅಜ್ಜಿ ನಗಲಿಲ್ಲ. ನನಗೋ ಒಳಗೊಳಗೇ ಹೊಟ್ಟೆಕಿಚ್ಚು. ಕುರ್ಚಿ ಅವಳಿಗೆ, ಮಿಠಾಯಿ ಅವಳಿಗೆ, ಸುತ್ತಮುತ್ತಲ ಊರಿನ ತಾತಂದಿರೆಲ್ಲ ಅವಳಿಗೆ. ನನಗೆ ಕುಂಚ ತೊಳೆಯುವ ಕೆಲಸ. ಕುಂಚ ತೊಳೆದಾದ ಮೇಲೆ ಅಪ್ಪನ ಹಿಂದೆ ಕೂತು, ಅವನ ಹೆಗಲ ಮೇಲಿಂದ ಬಗ್ಗಿ, ಅವನು ಬರೆಯುತ್ತಿದ್ದ ಕಣ್ಣನ್ನೇ ಸ್ಲೇಟಿನ ಮೇಲೆ ಬರೆಯುತ್ತಿದ್ದೆ. ಅವನು ಕಮಲಿಯನ್ನು ನೋಡಿ ಬರೆದ, ನಾನು ಅವನ ಕಾಗದ ನೋಡಿ ಬರೆದೆ. ನನ್ನ ವಿದ್ಯೆ ಶುರುವಾದದ್ದು ಹಾಗೆ. ರೆಪ್ಪೆಯ ಗೆರೆ, ಆಮೇಲೆ ಕರಿಗುಡ್ಡೆ, ಕೊನೆಯಲ್ಲಿ ಕರಿಗುಡ್ಡೆಯೊಳಗೆ ಹೊಳೆಯುವ ಬೆಳಕು. ಆ ಬೆಳಕಿಡುವಾಗ ಅಪ್ಪ ಭೂತಗನ್ನಡಿ ಹಿಡಿದು ಉಸಿರು ಕಟ್ಟುತ್ತಿದ್ದ. ಬೇರೆಯವರು ಅಲ್ಲಿ ದುಂಡಗೆ ಒಂದು ಬಿಳಿ ಚುಕ್ಕಿ ಇಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಅಪ್ಪನ ಬೆಳಕು ಉದ್ದುದ್ದಕ್ಕೆ ನಿಂತ ಸಣ್ಣ ಚೌಕ, ಕೆಳಗಿನ ಒಂದು ಮೂಲೆ ಮುರಿದದ್ದು. ನಾನೂ ಸ್ಲೇಟಿನ ಮೇಲೆ ಮೂಲೆ ಮುರಿದ ಚೌಕವನ್ನೇ ಇಟ್ಟೆ.

ಆ ವರ್ಷ ಗೌರಿ ಹಬ್ಬ ಮುಗಿದ ಮೇಲೆ ಕಮಲಿಗೆ ಜ್ವರ ಬಂತು. ಮೊದಲು ಕಷಾಯ, ಆಮೇಲೆ ಸೂಜಿ, ಆಮೇಲೆ ಮಂಡ್ಯದ ಆಸ್ಪತ್ರೆ. ಜ್ವರ ಮೆದುಳಿಗೆ ಏರಿದೆ ಎಂದರು. ಅವಳು ಕಣ್ಣು ಮುಚ್ಚಿದ್ದವಳು ಮುಚ್ಚಿದ ಹಾಗೇ ಇದ್ದಳು. ಅವ್ವ ಅವಳ ಕೆನ್ನೆ ತಟ್ಟುತ್ತ, ಊಟ ನಿದ್ದೆ ಬಿಟ್ಟು ಒಂದೇ ಮಾತು ಹೇಳುತ್ತಿದ್ದಳು:

"ಕಣ್ ಬುಡು ಮಗ. ಇತ್ತಗ್ ನೋಡು. ನಾನು ಕಣವ್ವ, ಒಂದ್ಸಲ ಇತ್ತಗ್ ನೋಡು."

ಕಮಲಿ ನೋಡಲಿಲ್ಲ. ನೋಡದೆಯೇ ಹೋದಳು. ಮಗು ಹೋದ ಸಂಕಟ ಒಂದಾದರೆ, ಹೋಗುವ ಮುಂಚೆ ತನ್ನ ಕಡೆ ತಿರುಗಿ ನೋಡಲಿಲ್ಲ ಅನ್ನುವುದು ಅವ್ವನಿಗೆ ಬೇರೆಯದೇ ಸಂಕಟವಾಯಿತು. ಮೊದಲನೆಯದನ್ನು ಬೀದಿಯವರೆಲ್ಲ ಅವಳ ಜೊತೆ ಅತ್ತು ಹಂಚಿಕೊಂಡರು. ಎರಡನೆಯದನ್ನು ಅವಳೊಬ್ಬಳೇ ಹೊತ್ತುಕೊಂಡಳು.

ಸ್ಟುಡಿಯೋದವನಿಗೆ ಯಾರು ಹೇಳಿ ಕಳಿಸಿದರೋ ಗೊತ್ತಿಲ್ಲ, ಬಂದ. ಕಮಲಿಯನ್ನು ಅದೇ ಮಡಚುವ ಕುರ್ಚಿಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂರಿಸಿದರು. ತಲೆ ನಿಲ್ಲಲಿಲ್ಲ. ಅಪ್ಪ ಹಿಂದೆ ಮಂಡಿಯೂರಿ, ತನ್ನ ಮುಖ ಕಾಣದಂತೆ ಬಗ್ಗಿ, ಎರಡು ಕೈಯಲ್ಲಿ ಅವಳ ತಲೆ ಹಿಡಿದುಕೊಂಡ. ಫೋಟೋ ತೆಗೆದಾದ ಮೇಲೂ ಅವನು ಕೈ ಬಿಡಲಿಲ್ಲ. ಇಬ್ಬರು ಬಂದು ಬಿಡಿಸಬೇಕಾಯಿತು. ಆಗ ಗೋಡೆಗೊರಗಿ ಕೂತಿದ್ದ ಅಜ್ಜಿ, ಅಷ್ಟು ಹೊತ್ತೂ ಅಳದೆ ಕೂತಿದ್ದವಳು, ಮಗನ ಕಡೆ ಕೈ ತೋರಿಸಿ ಬಾಯಿ ತೆಗೆದಳು:

"ನೀನೇ ಕಣ್ಲಾ. ಬದ್ಕಿರೋ ಮಗೀನ್ ಕಣ್ಣ ತಗದು ಸತ್ತೋರ್ ಮೊಕ್ಕೆ ಇಕ್ಕುದ್ಯಲ್ಲಾ, ಅವ್ರು ಸುಮ್ನೆ ಬುಟ್ಟಾರಾ? ಕಣ್ ಇಸ್ಕಂಡೋರು ಮಗೀನೂ ಕರ್ಕಂಡೋದ್ರು."

ಅಂಥ ಮಾತನ್ನು ನಾವು ಮಕ್ಕಳು ಆಡಿದ್ದರೆ ಅಜ್ಜಿಯೇ ಬಿಡ್ತು ಅನ್ನಿಸುತ್ತಿದ್ದಳು. ಅಜ್ಜಿಗೆ ಬಿಡ್ತು ಅನ್ನು ಎಂದು ಹೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಮಾತು ಅಲ್ಲೇ ಉಳಿಯಿತು. ಅಪ್ಪ ಅದಕ್ಕೆ ಎದುರಾಡಲಿಲ್ಲ. ಅವನು ಅದನ್ನು ನಂಬಿಬಿಟ್ಟ ಎಂದು ನನಗೆ ತಿಳಿಯಲು ಬಹಳ ಕಾಲ ಬೇಕಾಯಿತು.

ಅಲ್ಲಿಂದ ಮುಂದೆ ಅಪ್ಪ ಕಣ್ಣು ಬಿಡಿಸಲಿಲ್ಲ. ಎದೆಗೆ ಪೊಟ್ಟಣ ಅವಚಿಕೊಂಡು ಬಂದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಬೋರ್ಡು ಬರೆಸುವುದಿದ್ದರೆ ಹೇಳಿ, ಇದು ನನ್ನ ಕೈಲಾಗದು ಎಂದು ಕಳಿಸುತ್ತಿದ್ದ. ಕಮಲಿಯ ಫೋಟೋ ದೊಡ್ಡದಾಗಿ ಬಂತು. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹೊಡೆದ, ಅಷ್ಟೇ. ಮುಚ್ಚಿದ ಕಣ್ಣು ಮುಚ್ಚಿದ ಹಾಗೇ ಇತ್ತು. ಅವಳ ಎರಡು ಕಿವಿಗಳ ಪಕ್ಕದಲ್ಲಿ ಅಪ್ಪನ ಬೆರಳುಗಳೂ ಹಾಗೇ ಇದ್ದವು, ಉಗುರಿನೊಳಗೆ ಬಣ್ಣದ ಗೆರೆ ಸಮೇತ. ಮುಂದಿನ ವರ್ಷದ ಪಿತೃಪಕ್ಷ ಬಂತು. ಅವ್ವ ಕಜ್ಜಾಯದ ಪಕ್ಕ ಒಂದು ಕಡ್ಲೆಮಿಠಾಯಿ ಇಟ್ಟು ಎಡೆ ಹಾಕಿದವಳು, ಧೂಪ ಹಾಕದೆ ನಿಂತುಬಿಟ್ಟಳು.

"ಊರೋರ್ಗೆಲ್ಲ ಬುಡ್ಸುದ್ಯಲ್ಲ, ನಿನ್ ಮಗಳ್ಗೆ ಬುಡ್ಸು. ಒಂದ್ಸಲ ನನ್ನ ನೋಡ್ಲಿ."

"ಯಾರ್ನ ಕೂರಿಸ್ಕಂಡ್ ಬರೀಲಿ?" ಎಂದ ಅಪ್ಪ.

ಅದೊಂದೇ ಉತ್ತರ. ಪ್ರತಿ ಪಿತೃಪಕ್ಷಕ್ಕೂ ಅವ್ವ ಕೇಳುವುದು, ಅಪ್ಪ ಅದನ್ನೇ ಹೇಳುವುದು, ಎಡೆಯ ಅನ್ನ ಆರಿ ಹೋಗುವುದು. ಒಂದು ವರ್ಷ ನನಗೆ ತಡೆಯಲಾಗಲಿಲ್ಲ. ನಾನೇ ಆ ಕುರ್ಚಿ ಬಿಡಿಸಿ, ಬಾಗಿಲಿಗೆ ಮುಖ ಮಾಡಿ ಕೂತೆ.

"ನನ್ನ ಕೂರಿಸ್ಕೊಳಪ್ಪ. ನಾನೂ ಅವಳ ಅಕ್ಕ ತಾನೇ? ಅಲ್ಲಾಡಾಕಿಲ್ಲ."

"ಸುಸೀಲನ್ ಕಣ್ಣೇ ಇಕ್ಕು. ಯಾರ್ಗ್ ಗೊತ್ತಾದದು?" ಎಂದು ಅವ್ವನೂ ಅಂದಳು.

ಅಪ್ಪ ಗೋಡೆಯಿಂದ ಕಟ್ಟು ಇಳಿಸಿ, ಗಾಜು ತೆಗೆದು, ಬಿಳಿ ಬಣ್ಣ ಕಲಸಿದ. ನನ್ನೆದುರು ಕೂತು ನನ್ನ ಕಣ್ಣು ನೋಡಿದ. ನಾನು ನೊಣ ನೋಡಲಿಲ್ಲ, ನಾಯಿ ನೋಡಲಿಲ್ಲ. ಜನ್ಮದಲ್ಲಿ ಮೊದಲ ಸಲ ಕಮಲಿಯ ಹಾಗೆ ಕೂತೆ. ಕಣ್ಣು ಉರಿದು ನೀರು ಬಂದರೂ ರೆಪ್ಪೆ ಬಡಿಯಲಿಲ್ಲ. ಅಪ್ಪ ಕುಂಚವನ್ನು ಫೋಟೋದ ಹತ್ತಿರ ತಂದ, ನಿಲ್ಲಿಸಿದ, ಮತ್ತೆ ನನ್ನನ್ನು ನೋಡಿದ. ಆಮೇಲೆ ಕುಂಚವನ್ನು ನೀರಿಗೆ ಹಾಕಿದ.

"ಇವು ನಿನ್ ಕಣ್ಣು ಕಣವ್ವ," ಎಂದ.

ಅಷ್ಟೇ ಹೇಳಿದ್ದು. ಬೈದಿದ್ದರೆ ಅತ್ತು ಮರೆಯುತ್ತಿದ್ದೆನೇನೋ. ಆ ಮಾತಿನಲ್ಲಿ ಬೈಗುಳವಿರಲಿಲ್ಲ, ಪ್ರೀತಿಯೇ ಇತ್ತು ಎಂದು ಈಗ ಗೊತ್ತಾಗುತ್ತದೆ. ಆದರೆ ಅವತ್ತು ಕುರ್ಚಿಯಿಂದ ಇಳಿದ ಹುಡುಗಿಗೆ ತನ್ನ ಕಣ್ಣು ಯಾವ ಕೆಲಸಕ್ಕೂ ಬಾರದ್ದು ಅನ್ನಿಸಿತು. ಆ ನೋವು ಹೋಗಿಲ್ಲ. ನನ್ನೆದುರು ಕೂತವರ ಮುಖವನ್ನು ಇಷ್ಟು ವರ್ಷ ದಿಟ್ಟಿಸಿ ನೋಡಿದೆನಲ್ಲ, ಅದರ ಹಿಂದೆ ಅಪ್ಪನಿಗೆ ಏನನ್ನೋ ತೋರಿಸಿಕೊಡುವ ಆ ಹುಡುಗಿಯ ಹಠವೇ ಇದ್ದದ್ದು.

ಅಜ್ಜಿ ತಾನಾಡಿದ ಮಾತನ್ನು ಬಾಯಿಬಿಟ್ಟು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆದರೆ ಒಂದು ದಿನ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಒಬ್ಬಳೇ ಎಲ್ಲೋ ಹೋಗಿಬಂದಳು. ಕೇಳಿದರೆ ಹೇಳಲಿಲ್ಲ. ಆಮೇಲೆ ಸ್ಟುಡಿಯೋದವನು ಕವರಿನಲ್ಲಿ ಫೋಟೋ ತಂದುಕೊಟ್ಟಾಗ ಗೊತ್ತಾಯಿತು. ಫೋಟೋ ಅಂದರೆ ಆಯಸ್ಸು ಹೋಗುತ್ತದೆ ಎಂದು ಹೆದರುತ್ತಿದ್ದವಳು ತಾನೇ ಹೋಗಿ ತೆಗೆಸಿಕೊಂಡು ಬಂದಿದ್ದಳು. ಕ್ಯಾಮೆರಾವನ್ನು ನುಂಗುವ ಹಾಗೆ ಎರಡೂ ಕಣ್ಣು ಅಗಲಿಸಿ ನೋಡಿದ್ದಳು. ಅದನ್ನು ಅಪ್ಪನ ಮುಂದೆ ಇಟ್ಟು ಹೇಳಿದಳು:

"ನಾಳೆ ದಿಸ ನಂಗೇನೂ ನೀನ್ ಬುಡ್ಸದ್ ಬ್ಯಾಡ ಕಣ್ಲಾ ಮಗ. ನಾನೇ ಬುಟ್ಕಂಡಿವ್ನಿ."

ಅಪ್ಪ ಆ ಫೋಟೋ ಹಿಡಿದುಕೊಂಡು ಹಿತ್ತಲಿಗೆ ಹೋದ. ಅವನು ಅತ್ತದ್ದನ್ನು ನಾನು ಕಂಡದ್ದು ಆ ದಿನ ಮಾತ್ರ.

ಆಮೇಲೆ ಅವನು ಬರೆದದ್ದೆಲ್ಲ ಅಕ್ಷರ. ಗೊಬ್ಬರದ ಅಂಗಡಿ, ಸೈಕಲ್ ಶಾಪು, ಲಾರಿಯ ಹಿಂಭಾಗ. ಬ್ಲಫ್‌ನ ಕರೆಂಟು ಮನೆಯವರಿಗೆ, ಅಂದರೆ ನದಿ ನೀರಿನಿಂದ ಕರೆಂಟು ತೆಗೆಯುವಲ್ಲಿಗೆ, ಅಪಾಯದ ಬೋರ್ಡು ಬರೆಯುವ ಕೆಲಸ ಸಿಕ್ಕಿದಾಗ ನನ್ನನ್ನೂ ಕರೆದುಕೊಂಡು ಹೋಗಿದ್ದ. ಕೆಂಪು ಬಣ್ಣದಲ್ಲಿ ತಲೆಬುರುಡೆ, ಕೆಳಗೆ ಎರಡು ಮೂಳೆ. ಕೆಳಗಿನಿಂದ ನೀರಿನ ಸದ್ದು ಬರುತ್ತಿತ್ತು. ಅವನು ಬುರುಡೆಯ ಕಣ್ಣಿನ ಗುಂಡಿಗಳಿಗೆ ಕಪ್ಪು ತುಂಬುತ್ತ, "ಈ ಕೆಲ್ಸ ವಾಸಿ ಕಣವ್ವ, ಇದ್ಕೆ ಕಣ್ ಬುಡ್ಸೋ ಅಂಗಿಲ್ಲ," ಎಂದ. ತಮಾಷೆಗೆ ಹೇಳಿದ್ದು. ನಾವಿಬ್ಬರೂ ನಗಲಿಲ್ಲ.

ನಾನು ಮೈಸೂರಿಗೆ ಹೋಗಿ ಚಿತ್ರಕಲೆ ಓದಿದೆ. ಅಪ್ಪ ಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ, ತನ್ನ ಭೂತಗನ್ನಡಿ ತೆಗೆದು ನನ್ನ ಚೀಲದಲ್ಲಿ ಹಾಕಿದ. ಅಲ್ಲಿ ನಮಗೆ ಮುಖ ಬರೆಯುವುದನ್ನು ಕಲಿಸುತ್ತಿದ್ದ ಮೇಷ್ಟ್ರು ನನ್ನ ಮೊದಲ ಚಿತ್ರ ನೋಡಿ, ಕರಿಗುಡ್ಡೆಯ ಮೇಲೆ ಬೆರಳಿಟ್ಟು, "ನಿನ್ನ ಬೆಳಕಿನ ಮೂಲೆಯನ್ನು ಇಲಿ ತಿಂದಿದೆಯಲ್ಲಮ್ಮ?" ಎಂದು ಇಡೀ ತರಗತಿಯನ್ನು ನಗಿಸಿದರು. ದುಂಡಗೆ ಇಡಲು ಪ್ರಯತ್ನಪಟ್ಟೆ. ಇಟ್ಟರೆ ಕಣ್ಣು ಗಾಜಿನ ಗೋಲಿಯಂತೆ ಸತ್ತುಹೋಗುತ್ತಿತ್ತು. ಮತ್ತೆ ಮೂಲೆ ಮುರಿದ ಮೇಲೇ ಅದಕ್ಕೆ ಜೀವ. ಕೊನೆಗೆ ಮೇಷ್ಟ್ರೇ ಸೋತು ಬಿಟ್ಟುಬಿಟ್ಟರು. ಓದು ಮುಗಿಸಿ ದೊಡ್ಡ ಕಲಾವಿದೆಯಾಗುತ್ತೇನೆ ಎಂದುಕೊಂಡಿದ್ದವಳು ಹೊಟ್ಟೆಪಾಡಿಗೆ ಸಿನಿಮಾ ಬೋರ್ಡು ಬರೆದೆ. ಮನೆಯಷ್ಟು ಎತ್ತರದ ನಾಯಕಿಯರ ಕಣ್ಣಿಗೆ ಸಾರುವೆ ಮೇಲೆ ನಿಂತು ಬೆಳಕಿಟ್ಟೆ. ಕ್ಯಾಲೆಂಡರಿನ ಲಕ್ಷ್ಮಿಯರನ್ನು ಬರೆದೆ, ಸೀರೆ ಅಂಗಡಿಯ ಬೊಂಬೆಗಳ ಮುಖ ತಿದ್ದಿದೆ, ಮದ್ದೂರಿನ ಹೋಟೆಲಿನ ಗೋಡೆಗೆ ಕಾವೇರಿಯನ್ನು ಹರಿಸಿದೆ. ಮದುವೆಯಾಗಿ ಮಂಡ್ಯದಲ್ಲಿ ನೆಲೆನಿಂತ ಮೇಲೆ ನಿವೃತ್ತರಾಗುವ ಸಾಹೇಬರ, ಸಂಘಗಳ ಅಧ್ಯಕ್ಷರ ಭಾವಚಿತ್ರಗಳು ಬಂದವು. ಅದರ ನಡುವೆ ನನಗೋಸ್ಕರ ಬರೆದುಕೊಂಡ ಮುಖಗಳೂ ಇವೆ, ಒಂದೆರಡು ಪ್ರದರ್ಶನಕ್ಕೂ ಹೋದವು. ಅಲ್ಲಿ ತಿಳಿದವರೊಬ್ಬರು ಆ ಮುರಿದ ಮೂಲೆ ನೋಡಿ, ಇದು ನಿಮ್ಮದೇ ಶೈಲಿ ಎಂದು ಹೊಗಳಿದರು. ನಮ್ಮಪ್ಪನ ಕೈಗುರುತು ಸಾರ್ ಇದು ಎಂದೆ. ಹಾಗೆ ಹೇಳಿಕೊಳ್ಳಲು ಹೆಮ್ಮೆಯೇ ಆಗಿತ್ತು.

ಫ್ಲೆಕ್ಸ್ ಬಂತು. ಬೋರ್ಡು, ಸಿನಿಮಾ, ಶ್ರದ್ಧಾಂಜಲಿ ಎಲ್ಲ ಮಿಷನ್ನಿಗೆ ಹೋಯಿತು. ಅಪ್ಪ ಅದನ್ನು ನೋಡಿ, ಒಂದೆರಡು ವರ್ಷ ಸುಮ್ಮನೆ ಜಗಲಿಯಲ್ಲಿ ಕೂತು, ಹೋದ. ಅವನ ಮುಖವನ್ನು ಬದುಕಿದ್ದಾಗಲೇ ನಾನು ಬರೆದಿಟ್ಟಿದ್ದೆ. ಅವ್ವ ಮಂಡ್ಯಕ್ಕೆ ನನ್ನ ಮನೆಗೆ ಬಂದಳು. ಬರುವಾಗ ಅವಳ ಕೈಲಿದ್ದದ್ದು ಒಂದು ಚೀಲ ಬಟ್ಟೆ, ಟವಲಿನಲ್ಲಿ ಸುತ್ತಿದ ಕಮಲಿಯ ಫೋಟೋ. ಪಿತೃಪಕ್ಷದಲ್ಲಿ ಆ ಫೋಟೋ ಮುಂದೆ ಕಡ್ಲೆಮಿಠಾಯಿ ಇಡುವುದು ನಿಲ್ಲಲಿಲ್ಲ. ಕೇಳುವುದೂ ನಿಲ್ಲಲಿಲ್ಲ, ಅಪ್ಪನ ಬದಲು ನನ್ನನ್ನು ಕೇಳತೊಡಗಿದಳು.

"ನೀನಾರಾ ಬುಡ್ಸವ್ವ. ನಾನ್ ಓಗೋದ್ರೊಳಗೆ ಒಂದ್ಸಲ ನೋಡ್ಲಿ."

ನನಗೂ ಕೈ ಬರಲಿಲ್ಲ. ಕಮಲಿಯ ಕಣ್ಣು ನೆನಪಿದೆ ಎಂದುಕೊಂಡು ಕುಂಚ ಹಿಡಿದರೆ ಕಾಗದದ ಮೇಲೆ ಬರುತ್ತಿದ್ದುದು ನನ್ನ ಕಣ್ಣು. ಇದನ್ನು ನೋಡಿ ನನ್ನ ಮಗಳು ಒಂದು ದಿನ ಆ ಫೋಟೋವನ್ನು ಮೊಬೈಲಿಗೆ ಹಾಕಿ ಏನೋ ಒತ್ತಿದಳು. ಫೋಟೋದಲ್ಲಿನ ಮಗು ಕಣ್ಣು ಬಿಟ್ಟಿತು, ರೆಪ್ಪೆ ಬಡಿಯಿತು, ಸಣ್ಣಗೆ ನಕ್ಕಿತು ಕೂಡ. ಹೆದರಿಕೊಂಡೇ ಅವ್ವನಿಗೆ ತೋರಿಸಿದೆವು. ಅವ್ವ ಬಹಳ ಹೊತ್ತು ನೋಡಿದಳು.

"ಇದ್ಯಾರ್ ಮಗಾನವ್ವ? ಲಕ್ಷಣವಾಗದೆ," ಎಂದಳು. ಆಮೇಲೆ ಮೊಬೈಲನ್ನು ಮೊಮ್ಮಗಳ ಕೈಗೆ ಕೊಟ್ಟು, "ನಮ್ ಕಮಲಿದು ಎಡಗಣ್ಣು ದೊಡ್ದು ಕಣ್ ಮಗ. ಇದ್ಕೆ ಎರ್ಡೂ ಒಂದೇ ತರ ಅವೆ," ಎಂದಳು.

ಹೋದ ವರ್ಷ ಚಿಕ್ಕರಸಿನಕೆರೆಯಿಂದ ಒಬ್ಬರು ಫೋನು ಮಾಡಿದರು. ಮನೆ ಹೊಸದಾಗಿ ಕಟ್ಟಿಸಿದ್ದಾರೆ, ತಾತನ ಹಳೆಯ ಫೋಟೋಗೆ ತೇವ ಹತ್ತಿದೆ, ಅದನ್ನು ನೋಡಿಕೊಂಡು ಬಣ್ಣದಲ್ಲಿ ದೊಡ್ಡದಾಗಿ ಬರೆದುಕೊಡಬೇಕು. ಹೋದೆ. ಮನೆಯ ಯಜಮಾನರು ಒಳಗಿನಿಂದ ಕಟ್ಟು ತಂದು ಬೆಳಕಿಗೆ ಹಿಡಿದರು. ಕುರ್ಚಿಯಲ್ಲಿ ಕೂತ ಮುದುಕ, ಪೇಟ, ಹೊಸ ಪಂಚೆ, ಕಿವಿಯ ಪಕ್ಕದಲ್ಲಿ ಅಪ್ಪ ಬೆರಳು ಅಳಿಸಿದ ಜಾಗ. ಒಣಗಿದ ಆ ಮುಖದೊಳಗಿನಿಂದ ನನ್ನ ತಂಗಿ ನನ್ನನ್ನು ನೋಡುತ್ತಿದ್ದಳು. ಎಡಗಣ್ಣು ಸ್ವಲ್ಪ ದೊಡ್ಡದು, ಮಿಠಾಯಿ ಕರಗುವ ತನಕ ಅಲ್ಲಾಡದ ನೋಟ.

"ನಮ್ ತಾತಂಗೆ ಎಡಗಣ್ಣು ವಸಿ ದೊಡ್ದು ಕಣಮ್ಮ, ನಮ್ ವಂಸ್ದಲ್ಲೇ ಅಂಗೆ," ಎಂದು ಯಜಮಾನರು ಹೆಮ್ಮೆಯಿಂದ ಹೇಳಿ, ಓಡಾಡುತ್ತಿದ್ದ ಮೊಮ್ಮಗುವನ್ನು ಹಿಡಿದು ನಿಲ್ಲಿಸಿ ಅದರ ಎಡಗಣ್ಣು ತೋರಿಸಿದರು. "ಬ್ಯಾರೆ ಏನಾರಾ ಮಾಡಿ, ಆ ಕಣ್ ಮಾತ್ರ ಕೆಡಿಸ್ಬ್ಯಾಡಿ."

ಕೆಡಿಸುವುದಿಲ್ಲ ಎಂದೆ. ಬೇರೇನನ್ನೂ ಹೇಳಲಿಲ್ಲ. ಅವರ ತಾತನನ್ನು ಅವರಿಂದ ಕಿತ್ತುಕೊಳ್ಳಲು ನಾನು ಯಾರು? ಪಿತೃಪಕ್ಷದಲ್ಲಿ ಎಡೆ ಇಡುವ ದಿನ ಯಾವುದೆಂದು ಮಾತ್ರ ಕೇಳಿಕೊಂಡೆ. ನಮ್ಮವ್ವನಿಗೆ ನಿಮ್ಮ ತಾತನ ಪರಿಚಯವಿತ್ತು, ಕರೆದುಕೊಂಡು ಬರಲೇ ಅಂದೆ. ಅಗತ್ಯವಾಗಿ ಬರಬೇಕು, ಊಟ ಮಾಡಿಕೊಂಡೇ ಹೋಗಬೇಕು ಎಂದರು.

ಅವ್ವನಿಗೆ ದಾರಿಯಲ್ಲಿ ಎಲ್ಲ ಹೇಳಿದೆ. ಅವರ ನಡುಮನೆಯಲ್ಲಿ ಬಾಳೆ ಎಲೆ ಹಾಕಿ, ಅನ್ನ, ಸಾರು, ಕಜ್ಜಾಯ, ಬೀಡಿ ಕಟ್ಟು, ಹೊಸ ಪಂಚೆ ಎಲ್ಲ ಇಟ್ಟಿದ್ದರು. ಅವ್ವ ಸೊಂಟ ಹಿಡಿದುಕೊಂಡು ಆ ಕಟ್ಟಿನ ಎದುರು ಕೂತಳು. ಪೊರೆ ತೆಗೆಸಿದ ಕಣ್ಣು ಕಿರಿದು ಮಾಡಿ ನೋಡಿದಳು. ನಾನು ಚೀಲದಿಂದ ಅಪ್ಪನ ಭೂತಗನ್ನಡಿ ತೆಗೆದುಕೊಟ್ಟೆ.

"ಕಮಲಿ," ಎಂದಳು ಅವ್ವ. ಮನೆಯವರು ಅದನ್ನು ದೇವರ ಹೆಸರೆಂದುಕೊಂಡರೇನೋ, ಕೈಮುಗಿದರು.

ಅವಳಿಗೆ ಸಮಾಧಾನ ಹೇಳಲು ನಾನು ಬಗ್ಗಿ, "ನೋಡವ್ವ, ಅಪ್ಪನ ಗುರುತು. ಕರಿಗುಡ್ಡೆ ಒಳಗಿರೋ ಬೆಳಕಿನ ಮೂಲೆ ಮುರಿದಿದೆ ನೋಡು," ಎಂದೆ.

"ಯಾವ್ ಮೂಲೆ?"

"ಕೆಳಗಡೆ. ಅಪ್ಪ ಯಾವಾಗಲೂ ಹಾಗೇ ಬರೀತಿದ್ದ."

ಅವ್ವ ಭೂತಗನ್ನಡಿಯನ್ನು ಹಿಂದೆ ಮುಂದೆ ಮಾಡಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖ ಹಾಗೆ ಬೆಳಗಿದ್ದನ್ನು ನಾನು ಮರೆತೇ ಹೋಗಿದ್ದೆ.

"ಮುರ್ದಿಲ್ಲ ಕಣೆ ಪೆದ್ದಿ. ಅದು ನಮ್ಮನೆ ಬಾಗ್ಲು. ಆ ಮೂಲೇಲಿ ಕುಂತಿರೋಳು ನಾನು. ಮೊರ ಇಟ್ಕಂಡು."

ನಾನು ಭೂತಗನ್ನಡಿ ಇಸಿದುಕೊಂಡೆ. ಬಾಗಿಲಿನ ಬೆಳಕು. ಅದರ ಕೆಳಗಿನ ಒಂದು ಪಕ್ಕದಲ್ಲಿ ಸಾಸಿವೆಯಷ್ಟು ಕಪ್ಪು, ದುಂಡಗಿನ ತಲೆ, ಬಗ್ಗಿದ ಬೆನ್ನು. ಎದ್ದು ಹೋಗು ಎಂದರೂ ಎದ್ದು ಹೋಗದೆ ಪಕ್ಕಕ್ಕೆ ಸರಿದು ಕೂತವಳು. ಅಪ್ಪ ಕಂಡದ್ದನ್ನು ಕಂಡ ಹಾಗೆ ಬರೆದಿದ್ದ, ಅಷ್ಟೇ. ನಾನು ಜೀವಮಾನವಿಡೀ ಬರೆದ ನಾಯಕಿಯರ, ಲಕ್ಷ್ಮಿಯರ, ಸಾಹೇಬರ ಕಣ್ಣುಗಳಲ್ಲೆಲ್ಲ, ನನಗೇ ತಿಳಿಯದ ಹಾಗೆ, ಅವ್ವನನ್ನು ಹೊಸ್ತಿಲ ಮೇಲೆ ಕೂರಿಸುತ್ತ ಬಂದಿದ್ದೆ.

"ನನ್ನೇ ನೋಡ್ತಾವ್ಳೆ," ಎಂದಳು ಅವ್ವ. ಸೆರಗಿನ ಗಂಟು ಬಿಚ್ಚಿ ಕಡ್ಲೆಮಿಠಾಯಿ ತೆಗೆದು ಅವರ ಎಡೆಯ ಅಂಚಿನಲ್ಲಿಟ್ಟಳು. ಮನೆಯ ಯಜಮಾನಿ ಸೌಟು ಹಿಡಿದುಕೊಂಡೇ ಬಂದು ನೋಡಿ, "ನಮ್ ತಾತ ಸಿಹಿ ಮುಟ್ತಿರ್ನಿಲ್ವಂತೆ ಕಣಮ್ಮ," ಎಂದರು.

"ತಿನ್ನದ್ ಬ್ಯಾಡ. ಸುಮ್ನೆ ನೋಡ್ಲಿ ಬುಡವ್ವ," ಎಂದಳು ಅವ್ವ.

ಮನೆಗೆ ಬಂದ ಮೇಲೆ ನಾನು ತಡಮಾಡಲಿಲ್ಲ. ಕಮಲಿಯ ಕಟ್ಟು ಇಳಿಸಿ, ಗಾಜು ತೆಗೆದು, ಬಿಳಿ ಬಣ್ಣ ಕಲಸಿದೆ. ಚಿಕ್ಕರಸಿನಕೆರೆಯ ಹಳೆಯ ಕಟ್ಟನ್ನು ಅವರು ನನ್ನ ಜೊತೆಯೇ ಕಳಿಸಿದ್ದರು. ಅದನ್ನು ಎದುರಿಗೆ ಒರಗಿಸಿಟ್ಟೆ. ಯಾರನ್ನು ಕೂರಿಸಿಕೊಂಡು ಬರೆಯಲಿ ಎಂದು ಅಪ್ಪ ಕೇಳಿದ್ದಕ್ಕೆ ಉತ್ತರ ಕೊನೆಗೂ ಎದುರಿಗೇ ಇತ್ತು. ಕುಂಚ ಎತ್ತಿ ಅವ್ವನನ್ನು ಕರೆದೆ. ಅವಳು ಬಂದು, ಮುಚ್ಚಿದ ಆ ರೆಪ್ಪೆಗಳನ್ನೂ, ಕಿವಿಯ ಪಕ್ಕ ತಲೆ ವಾಲದಂತೆ ಹಿಡಿದಿರುವ ಅಪ್ಪನ ಬೆರಳುಗಳನ್ನೂ ನೋಡುತ್ತ ನಿಂತಳು. ಆಮೇಲೆ ನನ್ನ ಮಣಿಕಟ್ಟು ಹಿಡಿದಳು.

"ಬ್ಯಾಡ ಬುಡವ್ವ. ನೋಡಾಯ್ತಲ್ಲ. ಈಗ ಮಲಗ್ಲಿ."